ಹಸಿರು ಗಿಟಾರಿನ ಬೆನ್ನು

ಗಿರಾಕಿಗೆ ಕಳಿಸಿದ ಗಿಟಾರು ಹದಿನೆಂಟನೇ ದಿನಕ್ಕೆ ವಾಪಸು ಬಂತು. ಮಧ್ಯಾಹ್ನದ ಊಟದ ಹೊತ್ತು. ಮಾವ ಎಡಗೈಯಲ್ಲೇ ರಸೀದಿಗೆ ಸಹಿ ಗೀಚಿ, ಪೆಟ್ಟಿಗೆಯನ್ನು ತಂದು ಊಟದ ಮೇಜಿನ ಮೇಲೇ ಇಟ್ಟರು. ಸೊಸೆ ತಟ್ಟೆಗಳನ್ನು ಸರಿಸಿದಳು. ಅತ್ತೆ ಮಾತ್ರ ತಮ್ಮ ತಟ್ಟೆ ಬಿಡಲಿಲ್ಲ. ತುತ್ತು ಎತ್ತುವುದು, ಅಗಿಯುವುದು, ನುಂಗುವುದು, ಮತ್ತೆ ಎತ್ತುವುದು. ಈಚೆಗೆ ಅವರು ಹಾಗೇ ಉಣ್ಣುತ್ತಿದ್ದರು, ಯಾರೋ ಒಪ್ಪಿಸಿದ ಕೆಲಸ ಮುಗಿಸುವವರಂತೆ.

ಬೀಗ ತೆಗೆದು ಎತ್ತಿದರೆ ಗಿಟಾರು ಮೇಲೇಳಲೊಲ್ಲದು. ಮಾವ ಜೋರಾಗಿ ಎಳೆದರು. ಪರ್ರೆಂದು ಸದ್ದಾಗಿ ಎದ್ದು ಬಂತು. ಮಗುಚಿ ನೋಡಿದರೆ ಹಸಿರು ಬೆನ್ನಿನ ತುಂಬ ಪೆಟ್ಟಿಗೆಯ ಒಳಗಿನ ಮಖಮಲ್ಲಿನ ಅಚ್ಚು; ಅದರ ಮೇಲೆ ಅಂಗೈಯಗಲ ಕಪ್ಪು ಜುಂಗು ಮೆತ್ತಿಕೊಂಡಿತ್ತು. ಜೊತೆಗೊಂದು ಚೀಟಿ. ಮಗ ಓದಿದ: "ಮದುವೆ ಮನೆಯಲ್ಲಿ ಎರಡು ಗಂಟೆ ನುಡಿಸಿದೆ. ವೇದಿಕೆ ಇಳಿದಾಗ ನನ್ನ ಬಿಳಿ ಅಂಗಿಯ ತುಂಬ ಕಪ್ಪು ಕೂದಲು. ಹೆಂಡತಿಯ ವಿಚಾರಣೆ ಇನ್ನೂ ಮುಗಿದಿಲ್ಲ. ದಯವಿಟ್ಟು ಸರಿ ಮಾಡಿಕೊಡಿ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಏಳು ವರ್ಷದ ಹುಡುಗಿ. ಕೇಳಿದ್ದನ್ನೆಲ್ಲ ಹಾಗೇ ಒಪ್ಪಿಸುತ್ತಾಳೆಂದು ಮನೆಯಲ್ಲಿ ಎಲ್ಲರೂ ಅವಳನ್ನು ಗಿಳಿ ಅಂತಲೇ ಕರೆಯುವುದು. ಬೇರೆ ಯಾರೂ ನಗಲಿಲ್ಲ.

ಆ ಮನೆಯ ಮುಂದಿನ ಅರ್ಧವೆಲ್ಲ ಕಾರ್ಖಾನೆ. ಮಾವ ಮರ ಕೊಯ್ದು ಗಿಟಾರಿನ ಮೈ, ನೆಕ್ಕು ಅನ್ನುವ ಉದ್ದನೆಯ ಕತ್ತು ಕೆತ್ತುತ್ತಾರೆ. ಮಗ ತಂತಿ ಸುತ್ತಿ, ನಾದ ಹಿಡಿಯುವ ಪಿಕಪ್ಪು ಮಾಡಿ, ಬೆಸುಗೆ ಹಾಕಿ ಕೂರಿಸುತ್ತಾನೆ. ಬಣ್ಣ ಮತ್ತು ಮೆರುಗು ಅತ್ತೆಯ ಪಾಲು. ಅದರಲ್ಲಿ ಅವರಿಗೆ ಕೈಜೋಡಿಸುವವಳು ಸೊಸೆ. ಮೆರುಗಿನ ಲ್ಯಾಕರನ್ನು ಸೋಸಿ, ತೆಳುವಾಗಿಸುವ ಥಿನ್ನರ್ ಬೆರೆಸಿ ಕೊಟ್ಟರೆ ಅತ್ತೆ ಹನ್ನೆರಡು ಸಲ ತೆಳ್ಳಗೆ ಸ್ಪ್ರೇ ಮಾಡಿ ಕೊಕ್ಕೆಗೆ ತೂಗುಹಾಕುತ್ತಾರೆ. ಆಮೇಲೆ ಒಂದು ತಿಂಗಳು ಅದರ ಗೊಡವೆಗೆ ಯಾರೂ ಹೋಗುವಂತಿಲ್ಲ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಒಳಗೆ ಹಸಿ. ಅದನ್ನು ತಿಳಿಯಲು ಇರುವುದು ಒಂದೇ ದಾರಿ. ಅತ್ತೆ ಗಿಟಾರನ್ನು ಅಂಗಳಕ್ಕೆ ಒಯ್ದು, ಮೂಗು ತೊಳೆದುಕೊಂಡು, ನೆಕ್ಕು ಕೂರುವ ಗುಂಡಿಯ ಹತ್ತಿರ ಮುಖ ಇಟ್ಟು ಮೂಸುತ್ತಾರೆ. ಥಿನ್ನರಿನ ವಾಸನೆ ಎಳ್ಳಷ್ಟು ಉಳಿದಿದ್ದರೂ ವಾಪಸು ಕೊಕ್ಕೆಗೆ. ಅವರು "ಆಯ್ತು" ಅಂದಮೇಲೇ ಪಾಲಿಶ್ ಚಕ್ರ ತಿರುಗುವುದು. ಮೂವತ್ತು ವರ್ಷದಲ್ಲಿ ಅವರು ಆಯ್ತು ಅಂದದ್ದು ಒಂದೂ ಹಿಂದಕ್ಕೆ ಬಂದಿರಲಿಲ್ಲ.

"ಹಸಿ ಇದ್ದಾಗ್ಲೇ ಕಳಿಸಿದ್ದೀವಿ," ಅಂದರು ಮಾವ. "ಏನೇ ಇದು? ನೀನು ನೋಡ್ಲಿಲ್ವಾ?"

ಅತ್ತೆ ನೀರು ಕುಡಿದರು. "ನೋಡ್ದೆ. ಒಣಗಿತ್ತು."

"ಒಣಗಿದ್ದು ಹೀಗೆ ಅಂಟುತ್ತಾ?"

"ಥಿನ್ನರ್ ಜಾಸ್ತಿ ಬಿದ್ದಿರ್ಬೇಕು. ಬೆರೆಸಿದ್ದು ಇವಳು."

ಸೊಸೆಯ ಕೈಯಲ್ಲಿ ತಟ್ಟೆಗಳು ಹಾಗೇ ನಿಂತವು. "ಅಳತೆ ಲೋಟದಲ್ಲೇ ಹಾಕಿದ್ದೆ ಅತ್ತೆ. ಅಲ್ದೆ, ಪಾಲಿಶ್‌ಗೆ ಇಳಿಸೋ ದಿನ ನಾನು ಹೇಳಿದ್ನಲ್ಲ, ಇನ್ನೂ ವಾಸನೆ ಇರೋ ಹಾಗಿದೆ ಅಂತ."

"ಯಾವಾಗ ಹೇಳ್ದೆ?"

"ಅಂಗಳದಲ್ಲಿ. ನೀವು ಮೂಸಿ ಆಯ್ತು ಅಂದ ಮೇಲೆ."

"ನನಗೆ ನೀನೇನೂ ಹೇಳಿಲ್ಲ."

ಹೇಳಿದ್ದಳು. "ನಿನ್ನ ಮೂಗಿಗೆ ಎಷ್ಟು ವರ್ಷ ಆಯ್ತು?" ಅಂತ ಅತ್ತೆ ಅವತ್ತು ಅವಳ ಬಾಯಿ ಮುಚ್ಚಿಸಿದ್ದೂ ಹೌದು. ಆದರೆ ಅಂಗಳದಲ್ಲಿ ಅವರಿಬ್ಬರನ್ನು ಬಿಟ್ಟರೆ ಬಟ್ಟೆ ಒಣಹಾಕುವ ಹಗ್ಗ ಮಾತ್ರ ಇತ್ತು.

ಆ ಮನೆಯಲ್ಲಿ ತಪ್ಪೊಂದು ಕಂಡರೆ ಅದನ್ನು ಕಟ್ಟಲು ಒಂದು ಕೊರಳು ಹುಡುಕುವುದು ಮೊದಲ ಕೆಲಸ. ಕೊರಳು ಸಿಕ್ಕಿತ್ತು. ಮಾವ ಸೊಸೆಯ ಮುಖ ನೋಡದೆ ಗಿಟಾರಿಗೇ ಹೇಳಿದರು, "ನಾಳೆಯಿಂದ ಬಣ್ಣದ ಕೋಣೆಗೆ ಕಾಲಿಡೋದು ಬೇಡ. ಅಡುಗೆಮನೆ ನೋಡ್ಕೊಂಡ್ರೆ ಸಾಕು."

"ಮಾವ, ಒಂದು ಮಾತು..."

"ಸಾಕು ಅಂದ್ನಲ್ಲ."

ಸೊಸೆ ಗಂಡನ ಕಡೆ ನೋಡಿದಳು. ಅವನು ಚೀಟಿಯನ್ನು ಮಡಿಸುತ್ತಿದ್ದ. ಎಷ್ಟು ಮಡಿಸಿದನೆಂದರೆ ಕೊನೆಗೆ ಅದು ಉಗುರಿನಷ್ಟಾಯಿತು.

ಇಷ್ಟಕ್ಕೆಲ್ಲ ಕಾರಣ ಒಂದು ಜ್ವರ. ಐದು ತಿಂಗಳ ಹಿಂದೆ ಅತ್ತೆಗೆ ವಾರ ಪೂರ್ತಿ ಜ್ವರ ಬಂದು ಬಿಟ್ಟಿತು. ಬಿಡುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಮೊದಲ ದಿನಗಳಲ್ಲಿ ನೆಗಡಿ ಅಂದುಕೊಂಡರು. ಆಮೇಲೆ ಒಬ್ಬರೇ ಡಾಕ್ಟರ ಹತ್ತಿರ ಹೋಗಿ ಬಂದರು. ಮನೆಯಲ್ಲಿ ಕನ್ನಡಕದ ಅಂಗಡಿಗೆ ಅಂತ ಹೇಳಿದ್ದರು. ಡಾಕ್ಟರು, ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು. ಸೋಪು, ಟೀ, ಮೊಮ್ಮಗಳ ತಲೆ, ಲ್ಯಾಕರಿನ ಡಬ್ಬ, ಯಾವುದಕ್ಕೆ ಮೂಗಿಟ್ಟರೂ ಬರೀ ಗಾಳಿ. ನಾಲಿಗೆಗೆ ಉಪ್ಪು, ಸಿಹಿ, ಖಾರ ಅಷ್ಟೇ ತಿಳಿಯುತ್ತಿತ್ತು. ಅತ್ತೆ ಯಾರಿಗೂ ಹೇಳಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟು ಮೂವತ್ತು ದಿನ ಎಣಿಸುವುದು, ಆಮೇಲೆ ಅಂಗಳಕ್ಕೆ ಒಯ್ದು ಕಣ್ಣು ಮುಚ್ಚಿ ಮೂಸಿದಂತೆ ಮಾಡುವುದು. ಬಿಸಿಲಿನ ದಿನಗಳಲ್ಲಿ ನಾಲ್ಕು ಗಿಟಾರುಗಳಿಗೆ ಈ ಲೆಕ್ಕ ನಡೆಯಿತು. ಐದನೆಯದು ಈ ಹಸಿರು ಗಿಟಾರು. ಅದು ಕೊಕ್ಕೆಯಲ್ಲಿದ್ದಷ್ಟು ದಿನವೂ ಮೋಡ, ಥಂಡಿ. ಥಂಡಿಗೆ ಕ್ಯಾಲೆಂಡರು ಗೊತ್ತಿಲ್ಲ.

ಸೊಸೆಯ ಮೇಲೆ ಹಾಕಿದಾಗ ಅತ್ತೆಗೆ ಏನನ್ನಿಸಿತು? ಏನೂ ಅನ್ನಿಸಲಿಲ್ಲ. ಅದೇ ಅವರಿಗೆ ಆಶ್ಚರ್ಯವಾಗಿದ್ದು. ಊಟ ಮುಗಿಸಿ ಕೈ ತೊಳೆದು, ಕೆಟ್ಟ ಮೆರುಗನ್ನು ಕೆರೆದು ತೆಗೆಯಲು ಕೂತರು.

ಮೊದಲ ವಾರ ಕೆರೆಯುವುದರಲ್ಲೇ ಹೋಯಿತು. ಸೊಸೆ ಐದೂವರೆಗೆ ಎದ್ದು ಒಲೆ ಹಚ್ಚುತ್ತಿದ್ದಳು, ಗಿಳಿಯ ಜಡೆ ಹೆಣೆದು ಶಾಲೆಗೆ ಬಿಟ್ಟು ಬರುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಧ್ಯಾಹ್ನಕ್ಕೆ ಅನ್ನ, ಮೊಟ್ಟೆ, ಬೇಯಿಸಿದ ತರಕಾರಿ. ಇದೆಲ್ಲ ಮುಂಚೆಯೂ ಅವಳದೇ ಕೆಲಸ. ಮುಂಚೆ ಇದರ ನಂತರ ಬಣ್ಣದ ಕೋಣೆ ಇರುತ್ತಿತ್ತು. ಈಗ ಹನ್ನೊಂದಕ್ಕೆಲ್ಲ ಕೈ ಖಾಲಿ. ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದಳು.

"ನಾನು ಹೇಳಿದ್ದೆ ರೀ," ಅಂದಳು ಒಂದು ಬೆಳಿಗ್ಗೆ, ಗಂಡನ ಜೊತೆ ಹಾಸಿಗೆಯ ಬಟ್ಟೆ ಮಡಿಸುತ್ತ. "ದೇವರಾಣೆ ಹೇಳಿದ್ದೆ."

"ಹೋಗ್ಲಿ ಬಿಡು."

"ಏನು ಹೋಗ್ಲಿ ಬಿಡೋದು? ನಿಮ್ಮಮ್ಮ ನನ್ನ ಮುಖ ನೋಡ್ಕೊಂಡೇ ಇಲ್ಲ ಅಂದ್ರು."

"ಮರೆತಿರ್ತಾರೆ. ವಯಸ್ಸಾಯ್ತಲ್ಲ. ನಾಲ್ಕು ದಿನ ಸುಮ್ನಿದ್ರೆ ಅಪ್ಪನೇ ಕರೀತಾರೆ."

"ಕರೀದಿದ್ರೆ?"

"ಮನೆಯಲ್ಲಿ ಆರಾಮಾಗಿರು. ಆ ಥಿನ್ನರ್ ಹೊಗೆ ಯಾರಿಗೆ ಬೇಕು?"

ಅವಳಿಗೆ ಬೇಕಾಗಿತ್ತು. ಏಳೆಂಟು ವರ್ಷ ಅದೇ ಕೋಣೆಯಲ್ಲಿ ನಿಂತು ಕಲಿತದ್ದು. ಗಂಡನಿಗೆ ಅದನ್ನು ಹೇಳಿ ಪ್ರಯೋಜನವಿಲ್ಲವೆಂದು ಬಟ್ಟೆಯ ತುದಿಯನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ಮಡಿಸಿದಳು. ಮನೆಗೆ ಬೆಂಕಿ ಬಿದ್ದರೂ ಹೋಗ್ಲಿ ಬಿಡು ಅನ್ನುವ ಮನುಷ್ಯ; ಒಳ್ಳೆಯವನು ಅಂತ ಬೀದಿಯಲ್ಲೆಲ್ಲ ಹೆಸರು.

ಎರಡನೆಯ ವಾರ ಅತ್ತೆ ಒಬ್ಬರೇ ಹನ್ನೆರಡು ಸಲ ಸ್ಪ್ರೇ ಮಾಡಿದರು. ಸೋಸುವುದೂ ಅವರೇ, ಬೆರೆಸುವುದೂ ಅವರೇ, ಸ್ಪ್ರೇ ಗನ್ನು ತೊಳೆಯುವುದೂ ಅವರೇ. ಊಟಕ್ಕೆ ಬಂದು ಕೂತಾಗ ಬೆನ್ನು ಸೆಟೆದಿರುತ್ತಿತ್ತು. ಸೊಸೆ ಬಡಿಸುತ್ತಿದ್ದಳು. ಇಬ್ಬರ ನಡುವೆ "ಸಾಕಾ?" "ಸಾಕು" ಬಿಟ್ಟರೆ ಮಾತಿಲ್ಲ.

ಆ ವಾರವೇ ಒಂದು ಬೆಳಿಗ್ಗೆ ಹಾಲು ತಳ ಹತ್ತಿತು. ಸೊಸೆ ಗಿಳಿಯನ್ನು ಬಿಟ್ಟು ಬರಲು ಹೊರಟವಳು ಮರೆತ ನೀರಿನ ಬಾಟ್ಲಿಗೆಂದು ತಿರುಗಿ ಬಂದರೆ ಬಾಗಿಲಲ್ಲೇ ಕಮಟು ಹೊಡೆಯಿತು. ಅತ್ತೆ ಒಲೆಯಿಂದ ಮೂರು ಅಡಿ ದೂರದಲ್ಲಿ, ಅತ್ತ ಬೆನ್ನು ಹಾಕಿ ಕೂತು ಈರುಳ್ಳಿ ಸುಲಿಯುತ್ತಿದ್ದರು.

"ಅಜ್ಜಿ, ಹಾಲು ಸೀದು ಹೋಗಿದೆ!" ಅಂತ ಗಿಳಿ ಮೂಗು ಮುಚ್ಚಿಕೊಂಡಳು.

ಅತ್ತೆ ಬೆಚ್ಚಿ ತಿರುಗಿದರು. "ಈಗ ತಾನೇ ಉಕ್ಕಿತು," ಅಂದರು. ಪಾತ್ರೆಯ ತಳ ಇದ್ದಿಲಾಗಿತ್ತು.

ಸೊಸೆ ಒಲೆ ಆರಿಸಿದಳು. ಎರಡು ದಿನ ಬಿಟ್ಟು ಮೊಟ್ಟೆ ಒಡೆದು ಕಲಕಲು ಅತ್ತೆಯ ಕೈಗೆ ಬಟ್ಟಲು ಕೊಟ್ಟಿದ್ದಳು. ಮೂರನೆಯ ಮೊಟ್ಟೆ ಕೊಳೆತದ್ದು. ಅಡುಗೆಮನೆಯೆಲ್ಲ ಗಬ್ಬೆದ್ದಿತು. ಮೊಟ್ಟೆ ಚೂರು ನೀರಾಗಿ ಬಿದ್ದದ್ದು ಕನ್ನಡಕವಿಲ್ಲದ ಅತ್ತೆಗೆ ಕಾಣಲೂ ಇಲ್ಲ. ಅವರು ಚಮಚದಲ್ಲಿ ಕಲಕುತ್ತಲೇ ಇದ್ದರು, ಸುತ್ತಿ ಸುತ್ತಿ. ಸೊಸೆ ಹೋಗಿ ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಂಡಳು. ಅವರು ಯಾಕೆ ಅಂತ ಕೇಳಲಿಲ್ಲ. ಕೈ ತೊಳೆದು ಹೊರಗೆ ನಡೆದರು.

ಸೊಸೆ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಅಂಗಳಕ್ಕೆ ಬಂದಳು. ಅತ್ತೆ ಹಗ್ಗದ ಆ ತುದಿಯಲ್ಲಿ ನಿಂತಿದ್ದರು.

"ಯಾವಾಗಿಂದ ಅತ್ತೆ?"

"ಏನು ಯಾವಾಗಿಂದ?"

"ಮೂಗು."

ಅತ್ತೆ ಒಂದು ಅಂಗಿ ಎತ್ತಿಕೊಂಡು ಝಾಡಿಸಿ ಹಗ್ಗಕ್ಕೆ ಹಾಕಿದರು. ತೋಳು ನೇರ ಮಾಡಿದರು. ಕ್ಲಿಪ್ಪು ಹಾಕಿದರು. "ಜ್ವರದಿಂದ."

"ಅಂದ್ರೆ ಅವತ್ತು ಆ ಗಿಟಾರು..."

"ಗಾಳಿ ಮೂಸಿದ ಹಾಗಿತ್ತು."

"ಹಾಗಾದ್ರೆ ನಾನು ಹೇಳಿದ್ದು ನಿಮಗೆ ನೆನಪಿದೆ."

"ಇದೆ."

ಸೊಸೆಗೆ ಮೈಯೆಲ್ಲ ಉರಿಯಿತು. ಹಿಡಿದಿದ್ದ ಒದ್ದೆ ಟವೆಲನ್ನು ಹಿಂಡಿದಳು. ಅದರಲ್ಲಿ ನೀರೇ ಉಳಿದಿರಲಿಲ್ಲ. "ನೆನಪಿದ್ದೂ ನನ್ನ ಮೇಲೆ ಹಾಕಿದ್ರಾ? ಎಂಥ ಹೆಂಗಸು ನೀವು!"

"ಬೈಯಿ," ಅಂದರು ಅತ್ತೆ. "ಬೈದ್ರೂ ಏನೂ ಅನ್ಸಲ್ಲ ಕಣೇ ಈಗೀಗ. ಊಟ ಮಾಡಿದ್ರೂ ಅಷ್ಟೇ, ಬೈಸ್ಕೊಂಡ್ರೂ ಅಷ್ಟೇ."

"ಮಾವನಿಗೆ ಹೇಳಿ."

"ಹೇಳಿದ್ರೆ ನಾಳೆಯಿಂದ ಆ ಕೋಣೆಯಲ್ಲಿ ನನಗೇನು ಕೆಲಸ? ಸ್ಪ್ರೇ ಯಾರು ಬೇಕಾದ್ರೂ ಹೊಡೀತಾರೆ. ಆಯ್ತು ಅನ್ನೋದಕ್ಕೆ ತಾನೇ ನಾನಿರೋದು." ಇನ್ನೊಂದು ಅಂಗಿ ಹಾಕಿದರು. ಆಮೇಲೆ ದನಿ ತಗ್ಗಿಸಿದರು. "ಒಂದು ಮಾಡೋಣ. ಅವರಿಗೆ ಹೇಳಿ ನಿನ್ನನ್ನ ವಾಪಸ್ ಒಳಗೆ ಕರೆಸ್ಕೋತೀನಿ. ನೀನು ಮೊದಲೇ ಬಂದು ಮೂಸಿ ನನಗೆ ಹೇಳ್ಬಿಡು. ಆಮೇಲೆ ನಾನು ಅವರ ಮುಂದೆ ಹೇಳ್ತೀನಿ. ಇಬ್ಬರಿಗೂ ಒಳ್ಳೇದು."

"ಮೂಗು ನನ್ನದು, ಬಾಯಿ ನಿಮ್ಮದು ಅನ್ನಿ."

"ಬೇಡ್ವಾ?"

"ಬೇಡ. ಎಲ್ಲರ ಮುಂದೆ ಕರೀರಿ, ಬರ್ತೀನಿ. ಕದ್ದು ಬರೋಲ್ಲ. ನಾನಾಗಿ ಹೋಗಿ ಚಾಡಿನೂ ಹೇಳಲ್ಲ, ಹೆದರ್ಬೇಡಿ. ನೀವೇ ಹಾಕಿದ್ದನ್ನ ನೀವೇ ತೆಗೀಬೇಕು."

ಅತ್ತೆ ಬಕೆಟ್ಟು ಖಾಲಿಯಾಗುವವರೆಗೂ ಬಟ್ಟೆ ಹಾಕಿದರು. ಸೊಸೆ ನೋಡುತ್ತ ನಿಂತಳು.

ಅಲ್ಲಿಂದ ಒಂದೊಂದು ವಾರವೂ ಹೀಗೇ ದಾಟಿತು. ಹಸಿರು ಗಿಟಾರು ಕೊಕ್ಕೆಯಲ್ಲಿ ತೂಗುತ್ತಿತ್ತು, ಅದರ ಪಕ್ಕದಲ್ಲಿ ಇನ್ನಾರು. ಹೊರಗೆ ಮೋಡ ಸರಿಯಲಿಲ್ಲ. ಈ ಸಲ ಮೂವತ್ತೈದು ದಿನ ಅಂತ ಅತ್ತೆ ಹೇಳಿದ್ದರು, ಮಾವ ಗಿರಾಕಿಗೆ ಫೋನು ಮಾಡಿ ತಾರೀಖು ಕೊಟ್ಟಿದ್ದರು. ಅತ್ತೆ ದಿನಕ್ಕೆರಡು ಸಲ ಬಣ್ಣದ ಕೋಣೆಗೆ ಹೋಗಿ ಗಿಟಾರಿನ ಬೆನ್ನಿಗೆ ಉಗುರು ಒತ್ತಿ ನೋಡುತ್ತಿದ್ದರು. ಗುರುತು ಬೀಳುತ್ತಿರಲಿಲ್ಲ. ಮೊದಲ ಸಲವೂ ಬಿದ್ದಿರಲಿಲ್ಲ.

ಒಮ್ಮೆ ಮಗನನ್ನು ಕರೆದು, "ಇದಕ್ಕೆ ಏನಾದ್ರೂ ವಾಸನೆ ಇದೆಯೇನೋ?" ಅಂತ ಕೇಳಿದರು, ಸುಮ್ಮನೆ ಕೇಳಿದವರಂತೆ.

ಮಗ ಮೂಸಿದ. "ಬೆಸುಗೆ ಹೊಗೆ ಕುಡಿದೂ ಕುಡಿದೂ ನನಗೆ ಎಲ್ಲ ಒಂದೇ ವಾಸನೆ ಅಮ್ಮ. ಯಾಕೆ?"

"ಏನಿಲ್ಲ, ಹೋಗು."

ಗಂಡನನ್ನು ಕೇಳುವ ಹಾಗಿರಲಿಲ್ಲ. ನಲವತ್ತು ವರ್ಷ ಮರದ ಪುಡಿ ಉಸಿರಾಡಿದ ಮೂಗು ಅದು. ಇರುವುದು ಕನ್ನಡಕ ಕೂರಿಸುವುದಕ್ಕೆ ಮಾತ್ರ ಅಂತ ಅವರೇ ನಗಾಡುತ್ತಿದ್ದರು.

ಊಟದ ಮೇಜಿನಲ್ಲಿ ಮಾವನ ಸಿಟ್ಟು ಮಾತ್ರ ಹಾಗೇ ಇತ್ತು. ಅನ್ನ ಮೆತ್ತಗಾದರೆ, "ಇದಕ್ಕೂ ಅಳತೆ ತಪ್ಪಿತಾ?" ಅನ್ನುವರು. ಸೊಸೆ ತುಟಿ ಬಿಗಿಹಿಡಿದು ಅತ್ತೆಯ ಕಡೆ ಒಮ್ಮೆ ನೋಡುವಳು. ಅತ್ತೆ ತುತ್ತು ಅಗಿಯುವರು.

"ತಾತ, ಅಳತೆ ಲೋಟದಲ್ಲೇ ಹಾಕಿದ್ದು ಅಂತ ಅಮ್ಮ ಹೇಳಿದ್ಲಲ್ಲ," ಅಂದಳು ಗಿಳಿ ಒಂದು ದಿನ.

"ನೀನು ಸುಮ್ನೆ ಊಟ ಮಾಡು."

"ಮತ್ತೆ ಯಾಕೆ ಬೈತೀರಿ?"

ಅತ್ತೆ ಎದ್ದು ಕೈ ತೊಳೆಯಲು ಹೋದರು. ನಲ್ಲಿ ತುಂಬ ಹೊತ್ತು ಹರಿಯಿತು.

ಮೂವತ್ತೈದನೆಯ ದಿನ ಬೆಳಿಗ್ಗೆ ಒಂಬತ್ತಕ್ಕೇ ಗಿರಾಕಿ ಬಂದು ಕೂತ. ನಗುಮುಖದ ದಪ್ಪ ಮನುಷ್ಯ, ಈ ಸಲ ಕಪ್ಪು ಅಂಗಿ ಹಾಕಿಕೊಂಡು ಬಂದಿದ್ದ. "ಮುನ್ನೆಚ್ಚರಿಕೆ," ಅಂತ ತಾನೇ ಅಂಗಿ ತೋರಿಸಿ ನಕ್ಕ. ಶನಿವಾರ ಅವನಿಗೆ ದೊಡ್ಡ ಮದುವೆಯೊಂದರಲ್ಲಿ ನುಡಿಸುವುದಿತ್ತು. ಪಾಲಿಶ್ ಮಾಡಿ, ತಂತಿ ಕಟ್ಟಿ ಸಂಜೆಗೆ ಕೊಟ್ಟರೆ ಕಾದು ತೆಗೆದುಕೊಂಡು ಹೋಗುತ್ತೇನೆ ಅಂದ. ಸೊಸೆ ಟೀ ತಂದುಕೊಟ್ಟು ಒಳಗೆ ಹೋದಳು.

"ಇಳಿಸೇ," ಅಂದರು ಮಾವ. "ನೋಡ್ಬಿಡು ಒಮ್ಮೆ. ಚಕ್ರ ಹಾಕ್ತೀನಿ."

ಅತ್ತೆ ಗಿಟಾರನ್ನು ಕೊಕ್ಕೆಯಿಂದ ಇಳಿಸಿ ಅಂಗಳಕ್ಕೆ ತಂದರು. ಎಲ್ಲರೂ ಹಿಂದೆಯೇ ಬಂದು ನಿಂತರು. ನಲ್ಲಿಯಲ್ಲಿ ಮೂಗು ತೊಳೆದರು, ಒರೆಸಿಕೊಂಡರು. ಬಗ್ಗಿ ಗುಂಡಿಯ ಹತ್ತಿರ ಮುಖ ಇಟ್ಟರು. ಕಣ್ಣು ಮುಚ್ಚಿದರು. ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಗಿರಾಕಿ ಟೀ ಲೋಟ ಹಿಡಿದು ಭಕ್ತಿಯಿಂದ ನೋಡುತ್ತಿದ್ದ. ಆಯ್ತು ಅನ್ನುವ ಒಂದು ಮಾತು. ಅಂದರೆ ಮುಗಿಯಿತು. ಮತ್ತೆ ಅಂಟಿದರೆ ಈ ಸಲ ಹಾಕಲು ಬೇರೆ ಕೊರಳಿಲ್ಲ ಅನ್ನುವುದೂ ಅವರಿಗೆ ಗೊತ್ತಿತ್ತು. ಆಮೇಲೆ ಬಾಯಿಬಿಟ್ಟದ್ದು ಹೆದರಿಕೆಯಿಂದಲೋ, ನಾಚಿಕೆಯಿಂದಲೋ, ಅವರಿಗೇ ತಿಳಿಯಲಿಲ್ಲ.

ತಲೆ ಎತ್ತಿ ಅಡುಗೆಮನೆಯ ಕಡೆ ಕೂಗಿದರು. "ಇಲ್ಲಿ ಬಾರೇ!"

ಸೊಸೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಅವಳನ್ಯಾಕೆ?" ಅಂದರು ಮಾವ.

"ಅವಳು ಮೂಸಿ ಹೇಳ್ಲಿ. ನನಗೆ ವಾಸನೆ ಬರಲ್ಲ. ಜ್ವರ ಬಂದಾಗಿಂದ ಬರಲ್ಲ. ಅವತ್ತು ಇವಳು ಇನ್ನೂ ಹಸಿ ಇದೆ ಅಂತ ಹೇಳಿದ್ಲು. ನಾನೇ ಕೇಳ್ಲಿಲ್ಲ. ಥಿನ್ನರ್ ಸರಿಯಾಗೇ ಇತ್ತು. ತಪ್ಪು ನನ್ನದು."

ಒಂದೇ ಉಸಿರಿಗೆ, ಸಾಮಾನಿನ ಪಟ್ಟಿ ಓದುವವರಂತೆ ಹೇಳಿದರು. ಮಾವ ಕನ್ನಡಕ ತೆಗೆದು ಒರೆಸಿದರು. ಮಗ ನೆಲ ನೋಡಿದ. ಗಿರಾಕಿ ಲೋಟದಲ್ಲಿ ಟೀ ಮುಗಿದಿದ್ದರೂ ಇನ್ನೊಂದು ಗುಟುಕು ಕುಡಿದ.

ಸೊಸೆ ಮೆಟ್ಟಿಲಿಳಿದು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ನಲ್ಲಿಯಲ್ಲಿ ಮೂಗು ತೊಳೆದು, ಬಗ್ಗಿ, ನಿಧಾನವಾಗಿ ಉಸಿರೆಳೆದುಕೊಂಡಳು. ಗಿಟಾರನ್ನು ತಿರುಗಿಸಿ ಬೆನ್ನಿನ ಕಡೆಯಿಂದ ಇನ್ನೊಂದು ಸಲ.

"ಆಗಿಲ್ಲ," ಅಂದಳು. "ಇನ್ನೂ ಹತ್ತು ದಿನ ಬೇಕು."

"ಹತ್ತು ದಿನ!" ಗಿರಾಕಿಯ ನಗು ಹಾರಿಹೋಯಿತು. "ಶನಿವಾರ ನನ್ನ ಕೈಯಲ್ಲಿ ಏನಿರುತ್ತೆ ಅಮ್ಮಾ?"

"ಸರಿಯಾಗಿ ನೋಡು," ಅಂದ ಮಗ. "ಇಷ್ಟು ದಿನ ಆಗಿದೆ. ಸ್ವಲ್ಪ ಇದ್ರೂ..."

"ಹತ್ತು ದಿನ," ಅಂದಳು ಸೊಸೆ.

ಮಾವ ಹೆಂಡತಿಯ ಕಡೆ ತಿರುಗಿದರು. ಮೂವತ್ತು ವರ್ಷದ ಅಭ್ಯಾಸ, ಕೊನೆಯ ಮಾತಿಗೆ ಆ ಮುಖ ನೋಡುವುದು. ಅತ್ತೆ ಸೊಸೆಯನ್ನು ನೋಡಿದರು. ನಿಜ ಹೇಳುತ್ತಿದ್ದಾಳೋ, ಸೇಡು ತೀರಿಸಿಕೊಳ್ಳುತ್ತಿದ್ದಾಳೋ ತಿಳಿಯುವ ದಾರಿ ಅವರಿಗಿರಲಿಲ್ಲ.

"ಆಗಿಲ್ಲ ಅಂದ್ಲಲ್ಲ," ಅಂದರು. "ಕೊಡಕ್ಕಾಗಲ್ಲ."

ಶನಿವಾರದ ಮಟ್ಟಿಗೆ ಮಾವ ತಮ್ಮ ಹಳೆಯ ಗಿಟಾರೊಂದನ್ನು ಗಿರಾಕಿಗೆ ಕೊಟ್ಟು ಕಳಿಸಿದರು. ಬಾಗಿಲು ಹಾಕಿಕೊಂಡು ಬಂದು, ನೇರ ಗರಗಸ ಚಾಲೂ ಮಾಡಿದರು. ಅವತ್ತು ಅಲ್ಲಿ ಕೊಯ್ಯುವ ಮರವೇ ಇರಲಿಲ್ಲ. ಯಂತ್ರ ಬರಿದೇ ಓಡಿತು.

ಅತ್ತೆ ಹಸಿರು ಗಿಟಾರನ್ನು ಬಣ್ಣದ ಕೋಣೆಗೆ ತಂದು ತೂಗುಹಾಕಿದರು. ಸೊಸೆ ಹೊಸ್ತಿಲಲ್ಲಿ ನಿಂತಿದ್ದಳು.

"ಬಾ ಒಳಗೆ."

ಬಂದಳು.

"ನಿಜವಾಗ್ಲೂ ವಾಸನೆ ಇತ್ತಾ?"

"ಇತ್ತು."

"ನನ್ನ ಮೇಲಿನ ಸಿಟ್ಟಿಗೆ ಹೇಳಿದ್ದಲ್ಲ ತಾನೇ?"

"ಸಿಟ್ಟೂ ಇತ್ತು ಅತ್ತೆ. ವಾಸನೆನೂ ಇತ್ತು."

ಅತ್ತೆ ತಲೆಯಾಡಿಸಿದರು. ಅಳು ಬರಬೇಕಾದ ಜಾಗ ಅದು ಅಂತ ಅವರಿಗೆ ಗೊತ್ತಾಯಿತು, ಬರಲಿಲ್ಲ. ಸಾಲಿನಲ್ಲಿ ಇನ್ನೂ ಆರು ಗಿಟಾರು ತೂಗುತ್ತಿದ್ದವು. ಅದರಲ್ಲಿ ಮೂರಕ್ಕೆ ಅವರು ಆಗಲೇ ಆಯ್ತು ಅಂದಾಗಿತ್ತು; ಪಾಲಿಶ್ ಮಾತ್ರ ಬಾಕಿ. ಮೊದಲನೆಯದನ್ನು ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಅಂಗಳಕ್ಕೆ ನಡೆದರು. ಸೊಸೆ ಹಿಂದೆ ಬಂದಳು. ಅತ್ತೆ ಹಿಡಿದು ನಿಂತರು, ಸೊಸೆ ಬಗ್ಗಿ ಮೂಸಿದಳು.

"ಆಗಿದೆ."

ಅತ್ತೆ ಅದನ್ನು ಪಾಲಿಶ್ ಮೇಜಿನ ಮೇಲಿಟ್ಟು ಎರಡನೆಯದನ್ನು ತಂದರು.

"ಇಲ್ಲ."

ಒಯ್ದು ತೂಗುಹಾಕಿ ಮೂರನೆಯದನ್ನು ತಂದರು. ಈ ಸಲ ಸೊಸೆ ತುಂಬ ಹೊತ್ತು ಬಗ್ಗಿಯೇ ಇದ್ದಳು. ಗಿಟಾರು ಭಾರವಿತ್ತು. ಅವರು ಕೆಳಗಿಳಿಸದೆ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕಾದರು.

"ಇಲ್ಲ," ಅಂದಳು ಸೊಸೆ.

ಅತ್ತೆ ಅದನ್ನು ಒಳಗೆ ಒಯ್ದರು.